ಮರಳು ಮೊದಲೋ, ಶಾಪ ಮೊದಲೋ

ಹಳೆಯ ಕಾಲೇಜು ಕಟ್ಟಡವಿದ್ದ ಕಡೆ ಒಂದು ದೆವ್ವವೂ ಇರುತ್ತದೆ. ಬಿಳಿ ಸೀರೆ, ಗೆಜ್ಜೆ ಸದ್ದು, ಬೀಗ ಜಡಿದ ಕೋಣೆ. ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳು ಜೂನಿಯರ್‌ಗಳಿಗೆ ದಾಟಿಸುವ ಆ ಕಥೆಗಳಲ್ಲಿ ಸತ್ತವಳು ಯಾರೆಂದು ಕೇಳಿದರೆ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಮೈಸೂರು ಸೀಮೆಯನ್ನು ನಾನೂರು ವರ್ಷಗಳಿಂದ ಕಾಡುತ್ತಿರುವ ಹೆಂಗಸಿಗೆ ಮಾತ್ರ ಹೆಸರಿದೆ, ಗಂಡನಿದ್ದಾನೆ, ಮುಳುಗಿದ ಮಡು ಇದೆ, ಅರಮನೆಯಲ್ಲಿ ಪೂಜೆಯೂ ಇದೆ. ಅವಳು ಅಲಮೇಲಮ್ಮ.

ಅವಳ ಕಥೆಗೆ ಹೋಗುವ ಮುನ್ನ ನಂಜನಗೂಡು ತಾಲ್ಲೂಕಿನ ಹದಿನಾರಿಗೆ ಹೋಗಬೇಕು. ಒಡೆಯರ ವಂಶದ ಮೊದಲ ಕಥೆ ನಡೆಯುವುದು ಅಲ್ಲಿ. ಅಲ್ಲಿನ ಪಾಳೆಯಗಾರನಿಲ್ಲದ ಮನೆಯಲ್ಲಿ ರಾಣಿ, ಮಗಳು ಇಬ್ಬರೇ. ಹುಡುಗಿಯನ್ನು ಕೊಡು ಎಂದು ಕಾರುಗಹಳ್ಳಿಯ ಮಾರನಾಯಕನ ಬೆದರಿಕೆ. ದ್ವಾರಕೆಯಿಂದ ಬಂದ ಯದುರಾಯ ಮತ್ತು ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಮಾರನಾಯಕನನ್ನು ಕೊಂದರು, ಹುಡುಗಿ ಯದುರಾಯನ ಕೈಹಿಡಿದಳು, 1399ರಲ್ಲಿ ವಂಶ ಶುರುವಾಯಿತು. ದ್ವಾರಕೆಯ ಭಾಗವನ್ನು ಇತಿಹಾಸಕಾರರು ಹೆಚ್ಚಾಗಿ ನಂಬುವುದಿಲ್ಲ, ಅದು ಇರಲಿ. ದಿಕ್ಕಿಲ್ಲದ ಹೆಣ್ಣನ್ನು ಕಾಪಾಡಿದ್ದರಿಂದ ರಾಜ್ಯ ಬಂತು ಎನ್ನುವುದು ಹದಿನಾರಿನ ಕಥೆ. ಪಕ್ಕದ ತಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಅದೇ ವಂಶದ ಇನ್ನೊಂದು ಕಥೆ ನೇರವಾಗಿ ಇದರ ತಿರುವು: ದಿಕ್ಕಿಲ್ಲದ ಹೆಣ್ಣನ್ನು ಬೆನ್ನಟ್ಟಿದ್ದರಿಂದ ಶಾಪ ಬಂತು.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದರು. ವಿಜಯನಗರದ ಪ್ರತಿನಿಧಿ ತಿರುಮಲರಾಜ ತಲಕಾಡಿನ ಕಡೆ ಹೋಗಿ ತೀರಿಕೊಂಡ. ಅವನ ಹೆಂಡತಿ ಅಲಮೇಲಮ್ಮನ ಬಳಿ ಶ್ರೀರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳಿದ್ದವು. ಅವು ದೇವಸ್ಥಾನಕ್ಕೆ ಸೇರಬೇಕೆಂದು ಒಡೆಯರ ಆಳುಗಳು ಬಂದರು. ಮುತ್ತಿನ ಮೂಗುತಿಯನ್ನಷ್ಟೇ ಕೊಟ್ಟ ಅವಳು ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡು ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವಾಗ ಮೂರು ಶಾಪ: ತಲಕಾಡನ್ನು ಮರಳು ಮುಚ್ಚಲಿ, ಮಾಲಂಗಿ ಸುಳಿಮಡುವಾಗಲಿ, ಮೈಸೂರು ದೊರೆಗೆ ಸಂತಾನ ಇಲ್ಲವಾಗಲಿ.

ಈ ಕಥೆ ಎಲ್ಲ ಕಡೆ ಒಂದೇ ಥರ ಇಲ್ಲ. ಬೆಂಜಮಿನ್ ಲೂಯಿಸ್ ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಬರೆದುಕೊಂಡ ಪಾಠದಲ್ಲಿ ರಾಣಿಯ ಹೆಸರು ರಂಗಮ್ಮ. ಅಲ್ಲಿ ಅವಳು ಎರಡನೆಯ ಹೆಂಡತಿ. ಗಂಡ ವಾಸಿಯಾಗದ ಕಾಯಿಲೆ ಹಿಡಿದು ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಹೋಗಿದ್ದ, ಅವನ ಕೊನೆಗಾಲದ ಸುದ್ದಿ ಕೇಳಿ ಇವಳು ಪಟ್ಟಣವನ್ನು ಮೈಸೂರು ದೊರೆಗೆ ಒಪ್ಪಿಸಿ ಹೊರಟಳು. ಪಟ್ಟಣ ಹಿಡಿಯುವ ಯುದ್ಧವೇ ಇಲ್ಲ. ಒಡವೆಯಾಸೆ ಮಾತ್ರ ಹಾಗೇ ಇದೆ. ಹೆಸರು ಬದಲಾದರೂ ಒಡವೆ, ಹೊಳೆ, ಶಾಪ ಅಲ್ಲಾಡಿಲ್ಲ; ನನಗಂತೂ ಕಥೆಯ ಬೆನ್ನೆಲುಬು ಇಷ್ಟೇ ಎನಿಸುತ್ತದೆ.

ಮರಳಿನ ವಿಷಯ ನೋಡೋಣ. ಗಂಗರ ರಾಜಧಾನಿ, ಆಮೇಲೆ ಚೋಳರ ರಾಜರಾಜಪುರ, ಆಮೇಲೆ ಚೋಳರಿಂದ ಅದನ್ನು ಗೆದ್ದು 'ತಲಕಾಡುಗೊಂಡ' ಎನಿಸಿಕೊಂಡ ಹೊಯ್ಸಳ ವಿಷ್ಣುವರ್ಧನ ಕೀರ್ತಿನಾರಾಯಣನನ್ನು ನಿಲ್ಲಿಸಿದ ಊರು ಮರಳಡಿ ಹೋಗಿದೆ ಎಂಬುದಂತೂ ಕಣ್ಣಿಗೆ ಕಾಣುವ ಸತ್ಯ. ದಿಬ್ಬಗಳು ವರ್ಷಕ್ಕೆ 9-10 ಅಡಿ ಊರಿನ ಮೇಲೆ ಸರಿಯುತ್ತಿದ್ದವು, ಅದೂ ಮುಖ್ಯವಾಗಿ ನೈಋತ್ಯ ಮುಂಗಾರಿನ ಗಾಳಿಗೆ ಎಂದು ರೈಸ್ ದಾಖಲಿಸಿದ್ದಾರೆ. ಹಾಗಾದರೆ ಅಷ್ಟು ಮರಳು ಎಲ್ಲಿಂದ? ಕಾವೇರಿ ಇಲ್ಲಿ ದೊಡ್ಡದಾಗಿ ಬಾಗುತ್ತಾಳೆ. ತಿರುವಿನ ಒಳಮಗ್ಗುಲಿಗೆ ಮರಳು ಬೀಳುವುದು ಹೊಳೆಯ ಸ್ವಭಾವ. ಕೃಷಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಇನ್ನೊಂದು ಕಾರಣ ಮುಂದಿಡುತ್ತಾರೆ: 14ನೇ ಶತಮಾನದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆ. ನೀರು ತಗ್ಗಿ ಹೊಳೆಯ ಪಾತ್ರ ಬಯಲಾಯಿತು, ಒಣಗಿದ ಮರಳನ್ನು ಗಾಳಿ ಊರೊಳಗೆ ಹೊತ್ತು ತಂದಿತು. ಈ ವಾದ ಒಪ್ಪಿದರೆ, ಅಲಮೇಲಮ್ಮ ಬಾಯಿ ತೆರೆಯುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಅವಳ ಮೊದಲ ಶಾಪಕ್ಕೆ ಗುದ್ದಲಿಪೂಜೆ ಆಗಿತ್ತು. ಮುಚ್ಚಿಕೊಳ್ಳುತ್ತಿದ್ದ ಊರು ಕಾರಣ ಹುಡುಕುತ್ತಿತ್ತು. ಹೊಳೆ ಪಾಲಾದ ರಾಣಿ ಸಿಕ್ಕಳು.

ಸಂತಾನದ ಲೆಕ್ಕ ಇನ್ನೂ ಸ್ವಾರಸ್ಯ. 1617ರಲ್ಲಿ ರಾಜ ಒಡೆಯರ ಪಟ್ಟ ಹೋದದ್ದು ಮೊಮ್ಮಗನಿಗೆ. ಹಿರಿಯ ಮಗ ನರಸರಾಜ ಶ್ರೀರಂಗಪಟ್ಟಣದ ಮೊದಲ ದಸರೆಯ ಹಿಂದಿನ ದಿನ ತೀರಿಕೊಂಡನೆಂಬ ಪ್ರತೀತಿಯಿದೆ. ಶಾಪ ನಂಬುವವರಿಗೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ದತ್ತುಪುತ್ರ, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿಲ್ಲ, ಶ್ರೀಕಂಠದತ್ತರಿಗೂ ಇಲ್ಲ. ಆದರೆ ಚಿಕ್ಕದೇವರಾಜರ ನಂತರ 1704ರಲ್ಲಿ ಸಿಂಹಾಸನ ಏರಿದ್ದು ಸ್ವಂತ ಮಗ, 1714ರಲ್ಲಿ ಏರಿದ್ದು ಆ ಮಗನ ಮಗ. ಮೂರು ತಲೆಮಾರು ಸಾಲಾಗಿ! ಈ ತೊಡಕಿಗೆ ಜನ 'ಒಂದು ತಲೆಮಾರು ಬಿಟ್ಟು ಒಂದಕ್ಕೆ' ಎಂಬ ತಿದ್ದುಪಡಿ ತಂದರು; ಅದಕ್ಕೂ ಈ ಮೂವರು ಒಗ್ಗುವುದಿಲ್ಲ.

ಹಾಗಿದ್ದೂ ಕಥೆ ಉಳಿಯಿತಲ್ಲ, ಅದಕ್ಕೆ ಹೆಚ್ಚಿನ ಹೊಣೆ ಅರಮನೆಯದೇ. ಪಶ್ಚಾತ್ತಾಪಪಟ್ಟ ರಾಜ ಒಡೆಯರು ಅಲಮೇಲಮ್ಮನ ಚಿನ್ನದ ಪ್ರತಿಮೆ ಮಾಡಿಸಿದರೆಂದು ಹೇಳುತ್ತಾರೆ, ನವರಾತ್ರಿಯಲ್ಲಿ ಅವಳಿಗೆ ಪೂಜೆ ಸಲ್ಲುತ್ತ ಬಂದಿದೆ. ಗೆದ್ದವರು ಸಾಮಾನ್ಯವಾಗಿ ಇಂಥ ಕಥೆಯನ್ನು ಹೂತುಹಾಕುತ್ತಾರೆ. ಇವರು ಮನೆದೇವರ ಸಾಲಿನಲ್ಲೇ ಜಾಗ ಕೊಟ್ಟರು. ದೊರೆಯೇ ಕೈಮುಗಿಯುವಾಗ ಪ್ರಜೆ ಹೇಗೆ ಅನುಮಾನಪಟ್ಟಾನು?

2015ರಲ್ಲಿ ಒಡೆಯರ ಮನೆತನಕ್ಕೆ ದತ್ತು ಬಂದ ಯದುವೀರ್ ಅವರಿಗೆ 2017ರ ಡಿಸೆಂಬರ್‌ನಲ್ಲಿ ಗಂಡು ಮಗು ಹುಟ್ಟಿದಾಗ, ನಾನೂರು ವರ್ಷದ ಶಾಪ ಕಳೆಯಿತು ಎಂದು ಸುದ್ದಿಯಾಯಿತು. ಮುಮ್ಮಡಿಯವರ ಮಗ ಚಾಮರಾಜೇಂದ್ರ ಒಡೆಯರೂ ದತ್ತು ಬಂದವರೇ, ಅವರಿಗೂ ಇಬ್ಬರು ಗಂಡುಮಕ್ಕಳಿದ್ದರು ಎಂಬುದು ಆ ಸಡಗರದಲ್ಲಿ ಯಾರಿಗೂ ನೆನಪಾಗಲಿಲ್ಲ.