ಮಗಳ ಹೆಜ್ಜೆ ಸಪ್ಪಳ, ಟೋಕಿಯೊದ ಚೀಟಿ

ಪುಣೆಯ ನಮ್ಮ ಆಫೀಸಿನಲ್ಲಿ ಜಪಾನೀ ಭಾಷೆ ಕಲಿತವರಿಗೆ ಒಂದಲ್ಲ ಒಂದು ದಿನ ಟೋಕಿಯೊದಿಂದ ಕರೆ ಬರುತ್ತದೆ. ನನಗೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಹೆಂಡತಿ, ಒಂದೂವರೆ ವರ್ಷದ ಮಗಳು, ನಾಲ್ಕು ಸೂಟ್‌ಕೇಸು. ಅದರಲ್ಲೊಂದರ ತುಂಬ ಧಾರವಾಡದಿಂದ ಅವ್ವ ಕಟ್ಟಿ ಕಳಿಸಿದ ಶೇಂಗಾ ಚಟ್ನಿ ಮತ್ತು ಜೋಳದ ಹಿಟ್ಟು. ಎರಡೂವರೆ ವರ್ಷ ಇದ್ದು ವಾಪಸು ಬಂದಿದ್ದೇವೆ. ಈಗ ಸಿಕ್ಕವರೆಲ್ಲ ಬುಲೆಟ್ ರೈಲು, ಚೆರ್ರಿ ಹೂವಿನ ಬಗ್ಗೆ ಕೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಚೀಟಿಗಳು.

ನಾವು ಇದ್ದದ್ದು ಟೋಕಿಯೊದ ಪೂರ್ವಕ್ಕಿರುವ ಎದೊಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ. 2000ನೇ ಇಸವಿ ಬಂದಾಗ ಕಂಪ್ಯೂಟರುಗಳು ಕೆಡುತ್ತವೆ ಎಂಬ ಭಯವಿತ್ತಲ್ಲ, ಆ ಕಾಲದಿಂದ ನಮ್ಮ ದೇಶದ ಎಂಜಿನಿಯರುಗಳು ಬಂದು ನೆಲೆಸಿದ ಜಾಗ ಅದು. ಬೇಳೆ, ಮಸಾಲೆ ಸಿಗುತ್ತದೆ, ದೋಸೆಯೂ ಸಿಗುತ್ತದೆ. ಮನೆ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಏಜೆಂಟ್ ನಮ್ಮನ್ನು ಎದುರಿಗೆ ಕೂರಿಸಿಕೊಂಡೇ ಮಾಲೀಕರಿಗೆ ಫೋನ್ ಮಾಡುತ್ತಿದ್ದ. ‘ಗೈಕೊಕುಜಿನ್ ನೊ ಕತ ದೆಸು ಗಾ…’ ಅನ್ನುತ್ತಿದ್ದ. ಅಂದರೆ ‘ವಿದೇಶದವರು, ಆದರೆ…’ ವಾಕ್ಯ ಅಲ್ಲಿಗೇ ನಿಲ್ಲುತ್ತಿತ್ತು. ಆ ಕಡೆಯಿಂದ ಏನೋ ಉತ್ತರ, ಈತ ಫೋನಿಗೇ ತಲೆಬಾಗಿ ಕ್ಷಮೆ ಕೇಳಿ ಇಡುತ್ತಿದ್ದ. ಪುಣೆಯಲ್ಲಿ ಮನೆ ಹುಡುಕಿದಾಗ ‘ವೆಜ್ಜೋ ನಾನ್‌ವೆಜ್ಜೋ, ಊರು ಯಾವುದು’ ಅಂತ ಮುಖಕ್ಕೇ ಕೇಳಿದ್ದರು. ಸಿಟ್ಟು ಬಂದಿತ್ತು. ಟೋಕಿಯೊದಲ್ಲಿ ಇಷ್ಟು ವಿನಯದಿಂದ ಬೇಡ ಅನ್ನಿಸಿಕೊಂಡಾಗ ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ. ಆರನೇ ಮನೆಯ ಮಾಲೀಕರು ಒಪ್ಪಿದರು. ಡಿಪಾಸಿಟ್ ಅಲ್ಲದೆ ಒಂದು ತಿಂಗಳ ಬಾಡಿಗೆಯಷ್ಟು ‘ರೆಯ್‌ಕಿನ್’ ಕೊಟ್ಟೆವು. ಮನೆ ಕೊಟ್ಟದ್ದಕ್ಕೆ ಮಾಲೀಕರಿಗೆ ಕೃತಜ್ಞತೆಯ ಹಣ ಅದು, ವಾಪಸು ಬರುವುದಿಲ್ಲ.

ಮನೆ ಹಿಡಿದ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಅಲ್ಲಿಂದ ಬರುವಾಗ ಕೈತುಂಬ ಕಾಗದ. ಒಂದು ಕಸದ ಕ್ಯಾಲೆಂಡರು. ಇನ್ನೊಂದು, 2019ರಲ್ಲಿ ವಾರ್ಡು ಹೊರತಂದ ಪ್ರವಾಹದ ನಕ್ಷೆ. ಅದರ ಮುಖಪುಟದಲ್ಲಿ ನಮ್ಮ ವಾರ್ಡಿನ ಮೇಲೇ ದೊಡ್ಡದಾಗಿ ಬರೆದಿತ್ತು: ‘ಇಲ್ಲಿ ಇರಬಾರದು’! ನದಿಗಳು ಮತ್ತು ಸಮುದ್ರದ ನಡುವಿನ ಆ ವಾರ್ಡಿನ ನೆಲದಲ್ಲಿ ಸುಮಾರು ಶೇ 70ರಷ್ಟು, ಉಬ್ಬರದ ನೀರಿನ ಮಟ್ಟಕ್ಕಿಂತ ಕೆಳಗಿದೆ. ದೊಡ್ಡ ಪ್ರವಾಹ ಬರುವ ಮುನ್ಸೂಚನೆ ಇದ್ದರೆ ಬೇರೆ ಕಡೆ ಹೋಗಿ ಅಂತ ಅದರ ಅರ್ಥ. ಆರು ಮನೆ ತಿರುಗಿ ಬಂದವನಿಗೆ ಸ್ವಾಗತಪತ್ರ ಓದಿದಂತಾಯಿತು.

ಭಾಷೆಯ ವಿಷಯದಲ್ಲಿ ಕನ್ನಡ ಕೈ ಹಿಡಿಯಿತು. ನಾವು ಬಸ್ಸಿಗೆ ಉಕಾರ ಸೇರಿಸಿ ‘ಬಸ್ಸು’ ಅನ್ನುತ್ತೇವೆ, ಅವರು ‘ಬಸು’. ನಮ್ಮ ಬ್ಯಾಗು ಅವರ ‘ಬಗ್ಗು’. ಕ್ರಿಯಾಪದ ಕೊನೆಗೆ ಬರುತ್ತದೆ. ‘ಅಂತ ಹೇಳಿದರು’ ಅನ್ನುವಾಗಿನ ನಮ್ಮ ‘ಅಂತ’ ಇರುವ ಜಾಗದಲ್ಲೇ ಅವರ ‘ತೊ’ ಕೂರುತ್ತದೆ. ಕನ್ನಡದಲ್ಲಿ ಯೋಚಿಸಿ ಪದ ಬದಲಿಸಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಆದರೆ ಅಲ್ಲಿ ಮುಖ್ಯವಾದದ್ದನ್ನು ಯಾರೂ ಮಾತಿನಲ್ಲಿ ಹೇಳುವುದಿಲ್ಲ.

ಕಸದ ವಿಷಯವನ್ನೇ ತೆಗೆದುಕೊಳ್ಳಿ. ಸುಡುವ ಕಸ ವಾರಕ್ಕೆ ಎರಡು ದಿನ, ಬಾಟಲಿ, ಡಬ್ಬ, ರದ್ದಿಗೆ ಒಂದು ದಿನ, ಸುಡಲಾಗದ ಕಸ ತಿಂಗಳಿಗೆ ಎರಡೇ ಸಲ. ಬೆಳಿಗ್ಗೆ ಎಂಟರೊಳಗೆ ಇಡಬೇಕು, ಕಾಗೆ ಕೆದಕದಂತೆ ಮೇಲೆ ಬಲೆ ಹೊದಿಸಬೇಕು. ಎಂ.ಟೆಕ್ ಮಾಡಿದವನು ನಾನು, ಆ ಕ್ಯಾಲೆಂಡರಿನ ಮುಂದೆ ಪರೀಕ್ಷೆಗೆ ಓದಿದಂತೆ ಕೂತಿದ್ದೆ. ಆದರೂ ಮೊದಲ ತಿಂಗಳಲ್ಲೇ ಒಡೆದ ಮಿಕ್ಸಿ ಜಾರನ್ನು ಸುಡುವ ಕಸದ ಚೀಲಕ್ಕೆ ಹಾಕಿದೆ. ಸಂಜೆ ಬಂದು ನೋಡಿದರೆ ಎಲ್ಲ ಚೀಲ ಹೋಗಿವೆ, ನಮ್ಮದೊಂದೇ ಕೂತಿದೆ, ಮೈಮೇಲೆ ಒಂದು ಚೀಟಿ ಅಂಟಿಸಿಕೊಂಡು. ಪಾರದರ್ಶಕ ಚೀಲವಾದ್ದರಿಂದ ಕರಿಬೇವಿನ ಕಡ್ಡಿ ಹೊರಗೇ ಕಾಣುತ್ತಿತ್ತು. ಯಾರ ಮನೆಯದು ಅಂತ ಬೇರೆ ಹೇಳಬೇಕಿರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯೊಬ್ಬರಿದ್ದರು. ಅವರು ಆಗ ಬಲೆ ಮಡಚಿಡುತ್ತಿದ್ದರು. ಚೀಲ ನೋಡಿದರು, ನನ್ನನ್ನು ನೋಡಿದರು, ‘ಚಳಿ ಶುರುವಾಯಿತಲ್ಲ’ ಅಂದರು, ಅಷ್ಟೆ. ಮುಂದಿನ ವಾರ ಬಾಟಲಿಯ ದಿನ ನಾನು ಹೋದಾಗ, ತಮ್ಮದೊಂದು ಬಾಟಲಿ ಎತ್ತಿ ಹಿಡಿದು, ಮುಚ್ಚಳ ತೆಗೆದು, ಲೇಬಲ್ ಸುಲಿದು, ಚಪ್ಪಟೆ ಮಾಡಿ ಬುಟ್ಟಿಗೆ ಹಾಕಿದರು. ಬಹಳ ನಿಧಾನವಾಗಿ. ಪಾಠ ಅಂತ ನನಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ.

ಬೇಸಿಗೆ ಮುಗಿಯುವ ಹೊತ್ತಿಗೆ ಅಂಚೆಪೆಟ್ಟಿಗೆಯಲ್ಲಿ ಇನ್ನೊಂದು ಚೀಟಿ ಬಂತು. ಕಟ್ಟಡ ನೋಡಿಕೊಳ್ಳುವ ಕಂಪನಿಯದು. ‘ಎಲ್ಲ ನಿವಾಸಿಗಳಿಗೆ’ ಅಂತ ಶುರುವಾಗಿ, ಮಕ್ಕಳು ಓಡುವ ಸದ್ದು ಕೆಳಗಿನವರಿಗೆ ತೊಂದರೆಯಾಗಬಹುದು, ದಯವಿಟ್ಟು ಸಹಕರಿಸಿ ಅಂತಿತ್ತು. ‘ರೀ, ಈ ಬಿಲ್ಡಿಂಗ್‌ನಲ್ಲಿ ಮಗು ಇರೋದು ನಮ್ಮ ಮನೇಲಿ ಮಾತ್ರ ಅಲ್ವಾ?’ ಅಂದಳು ಹೆಂಡತಿ.

ಅವತ್ತೇ ಹೋಗಿ ದಪ್ಪನೆಯ ಮ್ಯಾಟು ತಂದು ಹಾಸಿದೆವು. ಮಗಳಿಗೆ ಓಡಬೇಡ, ಕುಣಿಯಬೇಡ, ಚೆಂಡು ಹಾಕಬೇಡ. ಎರಡು ವಾರದಲ್ಲಿ ಅವಳು ಮನೆಯೊಳಗೆ ತುದಿಗಾಲಲ್ಲಿ ನಡೆಯಲು ಕಲಿತಳು. ಎರಡು ವರ್ಷದ ಕೂಸು ಅಡುಗೆಮನೆಯಿಂದ ಹಾಲಿಗೆ ಕಳ್ಳನ ಹಾಗೆ ಬರುವುದನ್ನು ನೋಡಿದರೆ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಬರಲಿಲ್ಲ. ನಾನಾದರೂ ಆಫೀಸಿಗೆ ಹೋಗುತ್ತಿದ್ದೆ. ಹೆಂಡತಿ ದಿನವಿಡೀ ಆ ಮ್ಯಾಟಿನ ಮೇಲೆ ಮಗಳನ್ನು ಹಿಡಿದುಕೊಂಡು ಕೂತಿರಬೇಕು. ದೂರು ಕೊಟ್ಟವರು ಯಾರು ಅನ್ನುವುದು ತಲೆ ಕೊರೆಯತೊಡಗಿತು. ಮೆಟ್ಟಿಲಲ್ಲಿ ಸಿಕ್ಕವರೆಲ್ಲ ನಗುತ್ತಿದ್ದರು, ಆ ನಗುವೇ ಅನುಮಾನ ತರುತ್ತಿತ್ತು. ‘ಬಂದು ಬೈದಿದ್ದರೆ ನಾಲ್ಕು ಮಾತಾಡಿ ಮುಗಿಸಬಹುದಿತ್ತು. ಚೀಟಿ ಜೊತೆ ಹೇಗೆ ಜಗಳ ಆಡೋದು?’ ಅನ್ನುತ್ತಿದ್ದಳು. ಕೆಳಗಿನ ಅಜ್ಜಿ ಎದುರಾದರೆ ನಾವಿಬ್ಬರೂ ಬೇಗ ಬೇಗ ತಲೆಬಾಗಿ ಮುಂದೆ ಹೋಗಿಬಿಡುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

2024ರ ಜನವರಿ 1. ಅಲ್ಲಿ ಅದು ನಮ್ಮ ದೀಪಾವಳಿಯಷ್ಟು ದೊಡ್ಡ ಹಬ್ಬ, ಬೀದಿಯೆಲ್ಲ ಖಾಲಿ. ಸಂಜೆ ನಾಲ್ಕು ದಾಟಿತ್ತು. ದೀಪ ತೂಗಾಡಿತು. ಗಡಗಡ ಅಲ್ಲ, ದೋಣಿಯಲ್ಲಿ ಕೂತ ಹಾಗೆ, ಬಹಳ ಹೊತ್ತು. ನೋಟೊ ಪರ್ಯಾಯ ದ್ವೀಪದಲ್ಲಿ 7.6 ತೀವ್ರತೆಯ ಭೂಕಂಪ. ನಮ್ಮಿಂದ ದೂರ, ದೇಶದ ಆಚೆ ಕರಾವಳಿಯಲ್ಲಿ. ಟಿವಿ ಹಾಕಿದರೆ ಎನ್‌ಎಚ್‌ಕೆಯ ವಾಚಕಿ ಕಿರುಚುತ್ತಿದ್ದರು. ಸುನಾಮಿ ಬರುತ್ತಿದೆ, ಈಗಲೇ ಓಡಿ, ಹಿಂತಿರುಗಬೇಡಿ! ರೈಲಿನಲ್ಲಿ ಫೋನೆತ್ತಿ ಮಾತಾಡದ, ಸೀನಿದರೂ ಸದ್ದಾಗದ ಆ ಊರಿನಲ್ಲಿ ಒಬ್ಬರು ಧ್ವನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮೂವರೂ ಟೇಬಲ್ ಕೆಳಗೆ ಸೇರಿಕೊಂಡೆವು. ಮಗಳು ಹೆದರಿ ಒಂದು ಮಾತೂ ಆಡಲಿಲ್ಲ. ಧಾರವಾಡದಿಂದ ಅವ್ವನ ಫೋನು: ‘ಟಿವಿಯೊಳಗ ಭೂಕಂಪ ಅಂತ ತೋರ್ಸಾಕತ್ತಾರ, ಆರಾಮ ಅದೀರಿಲ್ಲೋ?’

ಅರ್ಧ ಗಂಟೆಯಾಗಿರಬಹುದು, ಬೆಲ್ ಆಯಿತು. ಕೆಳಗಿನ ಅಜ್ಜಿ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಎರಡು ಬಾಟಲಿ ನೀರು. ಹಬ್ಬದ ದಿನ ತೊಂದರೆ ಕೊಟ್ಟೆ ಅಂತ ಎರಡು ಸಲ ಕ್ಷಮೆ ಕೇಳಿದರು. ನನ್ನ ಹಿಂದೆ ಇಣುಕಿ ಮಗಳನ್ನು ಹುಡುಕಿದರು. ಆಮೇಲೆ ಹೇಳಿದರು: ‘ಕೂಸಿನ ಹೆಜ್ಜೆ ಸಪ್ಪಳ ಕೇಳಿಸಲಿಲ್ಲ, ಅದಕ್ಕೇ…’

ಅವರ ವಾಕ್ಯವೂ ಅರ್ಧಕ್ಕೇ ನಿಂತಿತು. ಬಾಗಿಲು ಹಾಕಿದ ಮೇಲೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟು ಮ್ಯಾಟು ಹಾಸಿದರೂ ಅವರಿಗೆ ಎಲ್ಲ ಕೇಳಿಸುತ್ತಿತ್ತು! ದೂರು ಕೊಟ್ಟದ್ದು ಅವರೇ ಅಂತ ಹೆಂಡತಿ, ಇರಲಾರದು ಅಂತ ನಾನು. ಇವತ್ತಿಗೂ ಇತ್ಯರ್ಥವಾಗಿಲ್ಲ. ಕೇಳಲೂ ಇಲ್ಲ. ಆದರೆ ಮಾರನೆಯ ದಿನದಿಂದ ಮಗಳಿಗೆ ಓಡಬೇಡ ಅನ್ನುವುದು ಕಡಿಮೆಯಾಯಿತು, ಮಧ್ಯಾಹ್ನಕ್ಕೊಮ್ಮೆ ಅವಳನ್ನು ಕೆಳಗೆ ಅಜ್ಜಿಯ ಹತ್ತಿರ ಬಿಟ್ಟುಬರುವುದು ಶುರುವಾಯಿತು.

ಹೊಸದಾಗಿ ಮನೆಗೆ ಬಂದವರು ಅಕ್ಕಪಕ್ಕ, ಮೇಲೆ ಕೆಳಗಿನವರಿಗೆ ಟವೆಲ್ಲೋ ಸೋಪಿನ ಪುಡಿಯೋ ಕೊಟ್ಟು ಪರಿಚಯ ಹೇಳಿಕೊಳ್ಳುವ ಪದ್ಧತಿ ಅಲ್ಲಿದೆ. ಅದನ್ನೂ ಅವರ ಬಾಯಿಂದಲೇ ಕೇಳಿದೆವು. ನಾವು ಬಂದಾಗ ಯಾರ ಬಾಗಿಲನ್ನೂ ತಟ್ಟಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಹೊರಡುವಾಗ ಎಲ್ಲ ಮನೆಗೂ ಒಂದೊಂದು ಮೈಸೂರು ಸ್ಯಾಂಡಲ್ ಸೋಪು ಕೊಟ್ಟೆವು. ಎರಡೂವರೆ ವರ್ಷ ತಡವಾಗಿ. ಮರುದಿನ ನಮ್ಮ ಬಾಗಿಲ ಹಿಡಿಕೆಗೆ ಒಂದು ಚೀಲ ತೂಗುಹಾಕಿತ್ತು. ಮಗಳಿಗೆ ಕೈಯಲ್ಲಿ ಹೆಣೆದ ಕಾಲುಚೀಲ, ಜೊತೆಗೊಂದು ಚೀಟಿ. ನನಗೆ ಓದಲು ಬರಲಿ ಅಂತ ಕಾಂಜಿ ಬಿಟ್ಟು ಬರೀ ಹಿರಗಾನದಲ್ಲಿ ಬರೆದಿದ್ದರು: ‘ಇನ್ನು ಮೇಲೆ ಸದ್ದಿರುವುದಿಲ್ಲ, ಬೇಸರವಾಗುತ್ತದೆ.’

ಪುಣೆಯ ಈಗಿನ ಮನೆಗೆ ಬಂದ ಮೂರನೇ ದಿನ ಕೆಳಗಿನ ಮನೆಯ ಕಾಕಾ ಬೆಲ್ ಒತ್ತಿದರು. ಮಗಳು ಎಷ್ಟು ಬೇಕಾದರೂ ಓಡಲಿ, ಆದರೆ ಮಧ್ಯಾಹ್ನ ಒಂದರಿಂದ ನಾಲ್ಕು ತಾವು ಮಲಗುವ ಹೊತ್ತು ಅಂತ ಬಾಗಿಲಲ್ಲೇ ಹೇಳಿ, ಒಳಗೆ ಬಂದು ಚಹಾ ಕುಡಿದು ಹೋದರು. ಮಗಳಿಗೆ ಗಡಿಯಾರ ನೋಡಲು ಇನ್ನೂ ಬರುವುದಿಲ್ಲ. ‘ಒಂದು ಗಂಟೆ ಆಯ್ತು’ ಅಂದರೆ ಸಾಕು, ಓಡುತ್ತಿದ್ದವಳು ಹಾಗೇ ತುದಿಗಾಲಿಗೆ ಬರುತ್ತಾಳೆ.