ಯುರೋಪಿನ ಕ್ರಿಸ್ಮಸ್ ಸಂತೆ: ಒಬ್ಬಂಟಿಯಾಗಿ ಹೊರಡುವ ವ್ಯಾಪಾರಿಗೆ ಕೆಲವು ತಿಳಿವಳಿಕೆಗಳು

ಹುಮನಾಬಾದ ಸಮೀಪದ ಮಾಣಿಕನಗರದಲ್ಲಿ ದತ್ತ ಜಯಂತಿಗೆ ಜನ ಸೇರುವ ಋತುವಿನಲ್ಲಿಯೇ ಜರ್ಮನಿಯ ನಗರಗಳ ಚೌಕಗಳಲ್ಲಿ ಕ್ರಿಸ್ಮಸ್ ಸಂತೆಗಳು ನೆರೆಯುತ್ತವೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಅಂಗಡಿ ಹೂಡಿ ಅನುಭವವಿರುವ ಘಾಟಬೋರಾಳ, ಬಸವಕಲ್ಯಾಣ ಭಾಗದ ವರ್ತಕರಿಗೆ ಇವುಗಳ ಸ್ವರೂಪ ತೀರ ಅಪರಿಚಿತವೆನಿಸದು. ಆದರೆ ಜಾತ್ರೆಯಂತೆ ಸರಕು ಹೊತ್ತುಕೊಂಡು ಹೋಗಿ ಮಾರಿ ಬರಬಹುದೆಂಬ ಎಣಿಕೆಯಿಂದ ಹೊರಟವರಿಗೆ ಪ್ರಯಾಣದ ವೆಚ್ಚವೆಲ್ಲ ನಷ್ಟದ ಬಾಬತ್ತಾಗುವುದು ನಿಶ್ಚಿತ.

ಈ ಸಂತೆಗಳ ಇತಿಹಾಸ ದೀರ್ಘವಾದುದು. ಡ್ರೆಸ್ಡೆನ್ ನಗರದ ಸ್ಟ್ರೀಟ್ಸೆಲ್‌ಮಾರ್ಕ್ಟ್ 1434ರಲ್ಲಿ ಕ್ರಿಸ್ಮಸ್‌ನ ಮುನ್ನಾದಿನದ ಒಂದೇ ದಿನದ ಸಂತೆಯಾಗಿ ಆರಂಭವಾಯಿತು. ನ್ಯೂರೆಂಬರ್ಗ್ ಸಂತೆಯ ಅತಿ ಹಳೆಯ ಲಿಖಿತ ದಾಖಲೆ 1628ನೆಯ ಇಸವಿಯದು. ಕ್ರಿಸ್ಮಸ್‌ಗೆ ಹಿಂದಿನ ನಾಲ್ಕನೆಯ ಭಾನುವಾರಕ್ಕೆ ಮೊದಲು ಬರುವ ಶುಕ್ರವಾರದಂದು ಆರಂಭವಾಗುವ ಇದು ಡಿಸೆಂಬರ್ 24ರಂದು ಮುಗಿಯುತ್ತದೆ. ಕೆಂಪು ಬಿಳುಪಿನ ಬಟ್ಟೆಯ ಮಾಡು ಹೊದಿಸಿದ ಸುಮಾರು 180 ಮರದ ಅಂಗಡಿಗಳು ಇಲ್ಲಿರುತ್ತವೆ. ಅಂಗಡಿಗಳ ಹಂಚಿಕೆ ನಗರಾಡಳಿತದ್ದು. ಯಾವ ಸರಕು ಇರಬೇಕು, ಯಾವುದು ಕೂಡದು ಎಂಬುದನ್ನೂ ಅದೇ ನಿರ್ಧರಿಸುತ್ತದೆ. ಪ್ಲಾಸ್ಟಿಕ್ ತೋರಣಗಳಿಗೆ ಅಲ್ಲಿ ಸ್ಥಾನವಿಲ್ಲ. ಹೆಚ್ಚು ಬೆಲೆಯ ಸರಕು ಮಾರಾಟವಾಗುವುದಕ್ಕೆ ಬೇಕಾದ ವಾತಾವರಣವನ್ನು ಈ ಕಟ್ಟುಪಾಡುಗಳೇ ನಿರ್ಮಿಸಿವೆಯೆಂದರೆ ತಪ್ಪಾಗಲಾರದು.

ಪ್ರವಾಸಿ ವೀಸಾದ ಮೇಲೆ ಹೋದ ವ್ಯಕ್ತಿ ಅಲ್ಲಿ ಅಂಗಡಿ ಹಾಕಿ ಮಾರಾಟ ಮಾಡುವಂತಿಲ್ಲ. ಅಲ್ಪಾವಧಿಯ ಷೆಂಗೆನ್ ವೀಸಾ ಪ್ರತಿ 180 ದಿನಗಳಲ್ಲಿ ಗರಿಷ್ಠ 90 ದಿನಗಳ ವಾಸ್ತವ್ಯಕ್ಕೆ ಅವಕಾಶ ನೀಡುತ್ತದೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಸಲ್ಲಿಸಬಹುದಾಗಿದ್ದು, ಹಬ್ಬದ ಕಾಲದಲ್ಲಿ ನೂಕುನುಗ್ಗಲು ಇರುವುದರಿಂದ ಸೆಪ್ಟೆಂಬರ್‌ನಲ್ಲಿಯೇ ಈ ಕೆಲಸ ಮುಗಿಸುವುದು ಕ್ಷೇಮ.

ಹಾಗಾದರೆ ಹೋಗುವುದರಿಂದ ಪ್ರಯೋಜನವೇನು? ಗಿರಾಕಿಯನ್ನು ಕಣ್ಣಾರೆ ನೋಡುವುದೇ ಪ್ರಯೋಜನ. ಜೊತೆಗಾರರಿಲ್ಲದ ಪ್ರಯಾಣಿಕನಿಗೆ ಈ ವಿಷಯದಲ್ಲಿ ಅನುಕೂಲವೇ ಹೆಚ್ಚು. ಒಂದೇ ಅಂಗಡಿಯ ಮುಂದೆ ಅರ್ಧ ತಾಸು ನಿಂತು, ಜನ ಯಾವ ವಸ್ತುವನ್ನು ಕೈಗೆತ್ತಿಕೊಳ್ಳುತ್ತಾರೆ, ಯಾವುದನ್ನು ಬೆಲೆ ನೋಡಿ ಕೆಳಗಿಡುತ್ತಾರೆ ಎಂಬುದನ್ನು ಗಮನಿಸಬಹುದು. ಉದಾಹರಣೆಗೆ ಬಿಸಿ ಪಾನೀಯದ ಬಟ್ಟಲುಗಳನ್ನೇ ನೋಡಿರಿ. ಪಾನೀಯದ ಬೆಲೆಯೊಡನೆ ಬಟ್ಟಲಿಗೂ ಕೆಲವು ಯೂರೋ ಠೇವಣಿ ಪಡೆಯುತ್ತಾರೆ. ಹಿಂದಿರುಗಿಸಿದರೆ ಹಣ ವಾಪಸು. ಆದರೆ ಬಟ್ಟಲಿನ ಮೇಲೆ ಆ ನಗರದ, ಆ ವರ್ಷದ ಚಿತ್ರವಿರುವುದರಿಂದ ಅನೇಕರು ಅದನ್ನು ನೆನಪಿಗಾಗಿ ಮನೆಗೇ ಒಯ್ಯುತ್ತಾರೆ.

ಮರದ ಆಟಿಕೆಗಳ ಅಂಗಡಿಗಳು ವಿಶೇಷ ಗಮನಕ್ಕೆ ಅರ್ಹ. ಎರ್ಟ್ಸ್‌ಗೆಬಿರ್ಗೆ ಬೆಟ್ಟ ಪ್ರದೇಶದ ಜೈಫೆನ್ ಊರಿನ ಕುಶಲಕರ್ಮಿಗಳು ಮರವನ್ನು ಚರಕಿಯಲ್ಲಿ ಬಳೆಯಾಕಾರಕ್ಕೆ ಕಡೆದು, ಅದನ್ನು ಹೋಳುಹೋಳಾಗಿ ಸೀಳಿದಾಗ ಪ್ರತಿಯೊಂದು ಹೋಳೂ ಒಂದು ಪ್ರಾಣಿಯ ಆಕಾರ ತಾಳುತ್ತದೆ. ಚರಕಿಯ ಮೇಲೆಯೇ ಅರಗಿನ ಬಣ್ಣ ಕೊಡುವ ಚನ್ನಪಟ್ಟಣದ ಕಸುಬಿಗೆ ಇದು ಹತ್ತಿರದ ನೆಂಟ. ನ್ಯೂರೆಂಬರ್ಗ್‌ನ ಲೇಬ್‌ಕೂಖೆನ್ ಎಂಬ ಮಸಾಲೆ ಬಿಸ್ಕತ್ತು ಆ ನಗರದ ಎಲ್ಲೆಯೊಳಗೆ ತಯಾರಾದರೆ ಮಾತ್ರ ಆ ಹೆಸರು ಪಡೆಯಬಹುದೆಂಬ ಕಾನೂನು ರಕ್ಷಣೆಯೂ ಇದೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಬೀದರಿನ ಬಿದ್ರಿ ಕಲೆಗೂ ಅಂತಹುದೇ ರಕ್ಷಣೆ ದೊರೆತಿದೆ. ಆದರೆ ಅಲ್ಲಿ ಆ ಗುರುತು ಅಂಗಡಿಯ ಫಲಕದ ಮೇಲೆ ಎದ್ದು ಕಾಣುತ್ತದೆ, ಇಲ್ಲಿ ಬಹುಮಟ್ಟಿಗೆ ಕಡತದಲ್ಲಿಯೇ ಉಳಿದಿದೆ.

ಬಿದ್ರಿಯನ್ನು ಆ ಮಾರುಕಟ್ಟೆಗೆ ಒಯ್ಯುವ ವಿಚಾರದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿದ್ರಿ ಸತುವು ಪ್ರಧಾನವಾದ, ತಾಮ್ರ ಬೆರೆತ ಭಾರದ ಲೋಹ. ಕ್ರಿಸ್ಮಸ್ ಮರದ ರೆಂಬೆಗೆ ತೂಗುಹಾಕುವ ಅಲಂಕಾರ ಹಗುರವಾಗಿರಬೇಕು. ಗಟ್ಟಿ ಎರಕದ ತುಣುಕಿಗೆ ರೆಂಬೆ ಬಾಗಿ ಹೋಗುತ್ತದೆ. ಆದುದರಿಂದ ಮರಕ್ಕೆ ತೂಗುವ ವಸ್ತುವಿಗಿಂತ ಮೇಜಿನ ಮೇಲಿಡುವ ಚಿಕ್ಕ ಡಬ್ಬಿ, ಮೇಣದಬತ್ತಿಯ ಕಂಬ, ಕಿವಿಯೋಲೆಗಳೇ ಸೂಕ್ತ. ಇನ್ನು ಮಕ್ಕಳ ಆಟಿಕೆಯೆನಿಸಿಕೊಳ್ಳುವ ಯಾವುದೇ ವಸ್ತುವಿಗೆ ಯುರೋಪಿನ ಸುರಕ್ಷತಾ ಪರೀಕ್ಷೆ ಮತ್ತು ಸಿಇ ಗುರುತು ಬೇಕು. 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿರುವ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮದಂತೆ, ಬಳಕೆದಾರರಿಗೆ ಮಾರುವ ಸರಕಿಗೆ ಯುರೋಪಿನೊಳಗೇ ಒಬ್ಬ ಹೊಣೆಗಾರ ಇರಬೇಕಾಗುತ್ತದೆ. ಅಲ್ಲಿನ ಆಮದುದಾರನೇ ಸಾಮಾನ್ಯವಾಗಿ ಆ ಹೊಣೆ ಹೊರುತ್ತಾನೆ.

ಖರೀದಿಯ ಕಾಲಚಕ್ರವನ್ನೂ ಅರಿತಿರಬೇಕು. ಡಿಸೆಂಬರ್‌ನಲ್ಲಿ ನಡೆಯುವುದು ಚಿಲ್ಲರೆ ಮಾರಾಟ ಮಾತ್ರ. ಮುಂದಿನ ವರ್ಷದ ಸಗಟು ಬೇಡಿಕೆ ಕುದುರುವುದು ಫ್ರಾಂಕ್‌ಫರ್ಟ್‌ನ ಕ್ರಿಸ್ಮಸ್‌ವರ್ಲ್ಡ್ ಮೇಳದಲ್ಲಿ. 2023ರಿಂದ ಅದು ಆಂಬಿಯೆಂಟೆ ಮೇಳದ ಜೊತೆಯಲ್ಲಿಯೇ ವರ್ಷದ ಆರಂಭದಲ್ಲಿ ನಡೆಯುತ್ತಿದೆ. ಆಗ ಒಪ್ಪಿಕೊಂಡ ಸರಕು ಶರತ್ಕಾಲದ ಹೊತ್ತಿಗೆ ಸಗಟು ವರ್ತಕನ ಗೋದಾಮು ಸೇರಬೇಕಾದುದರಿಂದ ಬೇಸಿಗೆಯಲ್ಲಿಯೇ ಹಡಗು ಹತ್ತಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಆರಂಭವಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾದಾಗ ಪ್ರಯಾಣ ಸುಮಾರು ಎರಡು ವಾರ ದೀರ್ಘವಾಯಿತು. ಹಬ್ಬ ಕಳೆದ ಮೇಲೆ ತಲುಪಿದ ಹಬ್ಬದ ಸರಕನ್ನು ಯಾರೂ ಕೇಳುವುದಿಲ್ಲ.

ಒಬ್ಬಂಟಿ ಪ್ರಯಾಣಿಕನಿಗೆ ಕೆಲವು ವ್ಯಾವಹಾರಿಕ ಸಂಗತಿಗಳು: ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ, ಜನಜಂಗುಳಿ ಹೆಚ್ಚುವುದೂ ಆಗಲೇ. ಅಂಗಡಿಯವರೊಡನೆ ಮಾತನಾಡಬೇಕೆಂದರೆ ವಾರದ ನಡುವಿನ ದಿನ, ಮಧ್ಯಾಹ್ನದ ಮೊದಲಿನ ವೇಳೆ ಒಳ್ಳೆಯದು. ಚಿಲ್ಲರೆ ಯೂರೋ ನಗದು ಜೊತೆಯಲ್ಲಿರಲಿ, ಆದರೆ ಜೇಬುಗಳ್ಳರ ಬಗ್ಗೆ ಎಚ್ಚರವಿರಲಿ. ಬರ್ಲಿನ್‌ನಲ್ಲಿ 2016ರಲ್ಲಿ, ಮಾಗ್ಡೆಬರ್ಗ್‌ನಲ್ಲಿ 2024ರಲ್ಲಿ ಸಂತೆಯೊಳಗೆ ವಾಹನ ನುಗ್ಗಿಸಿ ಜನರನ್ನು ಕೊಂದ ಘಟನೆಗಳ ನಂತರ ಪ್ರವೇಶದ್ವಾರಗಳಲ್ಲಿ ಅಡೆತಡೆ, ಕಾವಲು ಬಿಗಿಯಾಗಿವೆ. ದೊಡ್ಡ ಚೀಲ ಹೊತ್ತು ಹೋಗದಿರುವುದು ಉತ್ತಮ. ಸಸ್ಯಾಹಾರಿಗಳಿಗೆ ಹುರಿದ ಬಾದಾಮಿ, ಸುಟ್ಟ ಚೆಸ್ಟ್‌ನಟ್ ಕಾಯಿ ದೊರೆಯುತ್ತವೆ. ಆಲೂಗಡ್ಡೆಯ ದೋಸೆಯಂತಹ ತಿನಿಸಿನಲ್ಲಿಯೂ ಲೇಬ್‌ಕೂಖೆನ್‌ನಲ್ಲಿಯೂ ಮೊಟ್ಟೆ ಇರುವುದುಂಟು. ಗ್ಲ್ಯೂವೈನ್ ಎಂದರೆ ಬಿಸಿ ದ್ರಾಕ್ಷಾರಸ ಮದ್ಯ. ಮದ್ಯವಿಲ್ಲದ್ದು ಬೇಕಾದಲ್ಲಿ ಕಿಂಡರ್‌ಪುನ್ಶ್ ಎಂದು ಕೇಳಬೇಕು.