ಕೆರೆದಷ್ಟೂ ಬೆಳೆಯುವ ಗಂಟು

ನಮ್ಮ ಹಾಸ್ಟೆಲ್‌ನಲ್ಲಿ ಕಂಪ್ಲಿ ಕಡೆಯ ಗೆಳೆಯನೊಬ್ಬ ಇದ್ದಾನೆ. ಹೊಸಪೇಟೆಯ ಏಪ್ರಿಲ್ ಬಿಸಿಲಲ್ಲೂ ಫುಲ್ ಸ್ಲೀವ್ ಶರ್ಟೇ ಹಾಕ್ತಾನೆ. ಸ್ಟೈಲ್ ಇರಬೇಕು ಅಂದ್ಕೊಂಡಿದ್ವಿ. ಒಂದಿನ ಅವನು ತೋಳು ಮಡಚಿದಾಗ ಕಂಡಿದ್ದು, ಕೈ ತುಂಬ ಕಡಲೆಕಾಳಿನಷ್ಟು ದಪ್ಪದ ಕಪ್ಪು ಗಂಟುಗಳು. ಮರುದಿನ ಮೆಸ್‌ನಲ್ಲಿ ಅವನ ಪಕ್ಕದ ಕುರ್ಚಿ ಖಾಲಿ. ಖಾಲಿ ಬಿಟ್ಟವರು ನಾವೇ.

ಆಮೇಲೆ ನಾಚಿಕೆಯಾಗಿ ಓದೋಕೆ ಕೂತ್ವಿ. ಡಾಕ್ಟರ್ ಅವನಿಗೆ ಹೇಳಿದ್ದ ಹೆಸರು ಪ್ರುರೈಗೊ ನಾಡ್ಯುಲಾರಿಸ್. ಇದು ಅಂಟುರೋಗ ಅಲ್ಲವೇ ಅಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್. ತುರಿಕೆ ಬರುತ್ತೆ, ಕೆರೀತೀವಿ. ಕೆರೆದಲ್ಲಿ ಚರ್ಮ ದಪ್ಪಗಾಗಿ ಗಂಟು ಕಟ್ಟುತ್ತೆ. ಅಲ್ಲಿ ಸೇರುವ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-31ರಂಥ ರಾಸಾಯನಿಕ ಬಿಟ್ಟು ನರಗಳನ್ನು ಕೆಣಕುತ್ತವೆ. ತುರಿಕೆ ಇನ್ನೂ ಜಾಸ್ತಿ! ಸಾಕ್ಷಿ ಬೇಕಾ? ಎಷ್ಟೋ ರೋಗಿಗಳಲ್ಲಿ ಬೆನ್ನಿನ ನಡುವೆ, ಕೈ ಎಟುಕದ ಜಾಗದಲ್ಲಿ ಗಂಟೇ ಇರಲ್ಲ. ಆ ಖಾಲಿ ಜಾಗ ಚಿಟ್ಟೆಯ ಆಕಾರದಲ್ಲಿ ಕಾಣುತ್ತೆ.

ಮೊದಲ ತುರಿಕೆ ಎಲ್ಲಿಂದ? ಎಕ್ಸಿಮಾ, ಕೀಟದ ಕಡಿತ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಎಚ್‌ಐವಿ, ಹೀಗೆ ಹಲವು ದಾರಿಗಳಿವೆ. ಅದಕ್ಕೇ ಚರ್ಮದ ಡಾಕ್ಟರ್ ರಕ್ತಪರೀಕ್ಷೆ ಬರೆಯೋದು. ಕೆಲವರಲ್ಲಿ ಕಾರಣ ಸಿಗೋದೇ ಇಲ್ಲ.

ನಮ್ಮ ಗೆಳೆಯನಿಗೆ ಸಿಕ್ಕಿತು. ಪ್ಯಾಚ್ ಟೆಸ್ಟ್‌ನಲ್ಲಿ ಬಂದ ಉತ್ತರ: ಕಾಂಗ್ರೆಸ್ ಗಿಡ, ಅಂದ್ರೆ ಪಾರ್ಥೇನಿಯಂ. ಹಂಪಿಗೆ ಹೋಗುವ ದಾರಿ, ಸಂಡೂರಿನ ಬಯಲು, ಅವರ ಗದ್ದೆಯ ಬದು, ಎಲ್ಲಿ ನೋಡಿದರೂ ಆ ಬಿಳಿ ಹೂವು. ಅಮೆರಿಕ ಖಂಡದ ಈ ಕಳೆ ಪುಣೆಯಲ್ಲಿ ಗಮನಕ್ಕೆ ಬಂದಿದ್ದು 1950ರ ದಶಕದಲ್ಲಿ. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕಳೆ ಮಾತ್ರ ಇನ್ನೂ ಇದೆ. ಅದರಲ್ಲಿರುವ ಪಾರ್ಥೆನಿನ್ ಒಣಗಿದ ಪುಡಿಯ ಜೊತೆ ಗಾಳಿಯಲ್ಲೇ ಬಂದು ಮೈಮೇಲೆ ಕೂರುತ್ತೆ. ಅಲರ್ಜಿ ಇದ್ದವರಲ್ಲಿ ಸಾಮಾನ್ಯವಾಗಿ ಮುಖ, ಕತ್ತು, ಕೈ ಕೆಂಪಾಗುತ್ತವೆ. ಕೆಲವರಲ್ಲಿ ಥೇಟ್ ಇಂಥ ಗಂಟುಗಳೇ ಏಳುತ್ತವೆ.

ಲೂಪ್ ಒಡೆಯಲು ಎರಡೂ ಕಡೆ ಕತ್ತರಿ ಹಾಕಬೇಕು: ಕಾರಣದಿಂದ ದೂರ ಇರಬೇಕು, ತುರಿಕೆಗೆ ಡಾಕ್ಟರ್ ಹೇಳಿದ ಔಷಧಿ ತಗೋಬೇಕು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಕ್ರೀಮ್ ಬೇಡ. ಉಗುರು ಗಿಡ್ಡ ಇರಲಿ. ಕ್ಯಾಂಪಸ್‌ನಲ್ಲಿ ಕಳೆ ಕೀಳುವಾಗ ಗ್ಲೌಸ್ ಹಾಕಿ, ಹೂ ಬಿಡೋ ಮುಂಚೆನೇ ಕಿತ್ತುಬಿಡಿ.

ಈಗ ಅವನು ಊಟಕ್ಕೆ ನಮ್ಮ ಜೊತೆನೇ ಕೂರ್ತಾನೆ. ಶರ್ಟ್ ಮಾತ್ರ ಇನ್ನೂ ಫುಲ್ ಸ್ಲೀವೇ. ಆದರೆ ಈಗ ಅದು ಗಿಡದ ಪುಡಿಗೆ ಹೆದರಿ, ನಮಗೆ ಹೆದರಿ ಅಲ್ಲ.